ನೀರು ಮಣಿಯಾಗಿ ನಿಂತರೆ ಕಲೆ ಹಿಡಿಯಲ್ಲ ಅಂತಾನಾ?

ಹೊಸಕಟ್ಟೆ:
ಅಡುಗೆಮನೆ ಕಟ್ಟೆಗೆ ಏನು ಹಾಕಿಸುವುದು ಅಂತ ತಲೆ ಕೆಡಿಸಿಕೊಂಡು ಕೂತಿದ್ದೇನೆ. ನಾಲ್ಕು ತುಂಡು ಸ್ಯಾಂಪಲ್ ತಂದಿದ್ದೇನೆ: ಕ್ವಾರ್ಟ್ಜ್, ಪಾಲಿಶ್ ಮಾಡಿದ ಪೋರ್ಸಲೀನ್ ಟೈಲ್, ಲ್ಯಾಮಿನೇಟ್, ಬಿಳಿ ಮಾರ್ಬಲ್. ಮಾರ್ಬಲ್ ತುಂಡು ಮಾತ್ರ ಹಳೆಯದು, ಎಲ್ಲೋ ಮೂಲೆಯಲ್ಲಿ ಧೂಳು ತಿಂದು ಬಿದ್ದಿತ್ತು. ಮಾತಾಡುವಾಗ ಗೊಂದಲ ಬೇಡ ಅಂತ ಮಾರ್ಕರ್ ಪೆನ್ನಿನಲ್ಲಿ ಮೇಲೆಯೇ 1, 2, 3, 4 ಎಂದು ಬರೆದಿಟ್ಟಿದ್ದೇನೆ.

ಮಾರುವವರೆಲ್ಲ ಮಾಡಿದ್ದು ಒಂದೇ ಕೆಲಸ. ಲೋಟದಿಂದ ಸ್ವಲ್ಪ ನೀರು ಸುರಿದರು. ನೀರು ಮಣಿ ಮಣಿಯಾಗಿ ನಿಂತಿತು. "ನೋಡಿ, ಕಲೆ ಹಿಡಿಯೋದೇ ಇಲ್ಲ" ಅಂದರು.

ನನಗೆ ನಂಬಿಕೆ ಬರುತ್ತಿಲ್ಲ. ಎರಡು ವರ್ಷದ ಹಿಂದೆ ಇದೇ ನೀರಿನಾಟ ನೋಡಿ ಮರುಳಾಗಿ ಸೋಫಾ ತಂದಿದ್ದೆ. ಇವತ್ತಿಗೂ ನೀರು ಬಿದ್ದರೆ ಉರುಳಿ ಹೋಗುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಕೈ ಇಡುವ ಜಾಗ, ತಲೆ ಆನಿಸುವ ಜಾಗ ಎರಡೂ ಜಿಡ್ಡು ಹಿಡಿದು ಕಪ್ಪಾಗಿವೆ. ಈ ಸಲ ಹಾಗಾಗಬಾರದು. ಮನೆಯಲ್ಲೇ ನೆಟ್ಟಗೆ ಪರೀಕ್ಷೆ ಮಾಡುವುದು ಹೇಗೆ?

ಮೂಲೆಮನೆ:
ನೀರು ಸುರಿದು ತೋರಿಸೋದು ಪರೀಕ್ಷೆ ಅಲ್ಲ ಸಾರ್, ಗಾರುಡಿ.

ಬಟ್ಟೆಲ್ಯಾಬ್:
ನಿಮ್ಮ ಸೋಫಾ ಕಥೆಯಲ್ಲೇ ಅರ್ಧ ಉತ್ತರ ಇದೆ. ನಾನು ಬಟ್ಟೆ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವನು, ದಿನಾ ಇದೇ ಹಾಡು.

ನೀರಿಗೆ ಮೇಲ್ಮೈ ಸೆಳೆತ ಜಾಸ್ತಿ, ಸುಮಾರು 72 ಮಿಲಿನ್ಯೂಟನ್ ಪ್ರತಿ ಮೀಟರಿಗೆ. ಅದಕ್ಕೆ ತನ್ನಷ್ಟಕ್ಕೆ ತಾನೇ ಮುದುಡಿಕೊಳ್ಳುವ ಬುದ್ಧಿ. ಮೇಣ ಸವರಿದರೂ ಮಣಿಯಾಗುತ್ತದೆ, ಸಿಲಿಕೋನ್ ಸವರಿದರೂ ಆಗುತ್ತದೆ. ಎಣ್ಣೆಯದ್ದು ಅದರ ಅರ್ಧಕ್ಕಿಂತ ಕಡಿಮೆ, 30ರ ಆಸುಪಾಸು. ಹಾಗಾಗಿ ನೀರನ್ನು ಓಡಿಸಿದ ಬಟ್ಟೆ ಎಣ್ಣೆಯನ್ನು ಸುಮ್ನೆ ಕುಡಿದುಬಿಡಬಹುದು. ನಿಮ್ಮ ಸೋಫಾ ಮಾಡಿದ್ದೂ ಅದನ್ನೇ.

ನಾವು ನೀರಿಗೆ ಬೇರೆ ಪರೀಕ್ಷೆ, ಎಣ್ಣೆಗೆ ಬೇರೆ ಪರೀಕ್ಷೆ ಮಾಡುತ್ತೇವೆ. ನೀರಿಗೆ ಸ್ಪ್ರೇ ಪರೀಕ್ಷೆ: ಬಟ್ಟೆಯನ್ನು 45 ಡಿಗ್ರಿ ಓರೆಯಾಗಿಟ್ಟು ಮೇಲಿಂದ 250 ಮಿಲಿ ನೀರು ಸುರಿಸಿ, ಎಷ್ಟು ಒದ್ದೆಯಾಯಿತು ಅಂತ ಚಿತ್ರದ ಜೊತೆ ಹೋಲಿಸುವುದು. ಎಣ್ಣೆಗೆ ಎಎಟಿಸಿಸಿ 118, ಅಂದರೆ ಅಮೆರಿಕದ ಬಟ್ಟೆ ಪರೀಕ್ಷಕರ ಸಂಘದ 118ನೇ ಪರೀಕ್ಷೆ. ಅದರಲ್ಲಿ ಎಂಟು ದ್ರವಗಳ ಸಾಲು. ಮೊದಲನೆಯದು ಮಿನರಲ್ ಆಯಿಲ್, ಕೊನೆಯದು ಪೆಟ್ರೋಲಿನಂಥ ತೆಳು ದ್ರವ ಹೆಪ್ಟೇನ್. ಮುಂದೆ ಮುಂದೆ ಹೋದಂತೆ ಮೇಲ್ಮೈ ಸೆಳೆತ ಇಳಿಯುತ್ತದೆ, ತಡೆಯುವುದು ಕಷ್ಟವಾಗುತ್ತದೆ. ಒಂದೊಂದನ್ನೂ ಹನಿಯಾಗಿ ಬಿಟ್ಟು 30 ಸೆಕೆಂಡ್ ನೋಡುತ್ತೇವೆ. ಬಟ್ಟೆ ಎಲ್ಲಿ ಸೋಲುತ್ತದೋ ಅದರ ಹಿಂದಿನ ನಂಬರ್ ಅದರ ದರ್ಜೆ.

ಸುಮ್ನೆ_ಓದುವವ:
ಅಂದರೆ ಸೋಫಾ ಮಾರುವವರ ಮುಂದೆ ಒಂದು ಹನಿ ಅಡುಗೆ ಎಣ್ಣೆ ಬಿಟ್ಟು ನೋಡಬೇಕು. ಹೊರಗೆ ಹಾಕಿಸಿಕೊಳ್ಳುವ ಧೈರ್ಯ ಇದ್ದವರು ಮಾಡಿ.

ಟೈಲ್_ಮೇಸ್ತ್ರಿ:
ಬಟ್ಟೆ ವಿಷಯ ಬಟ್ಟೆಯವರಿಗೆ ಬಿಡೋಣ. ಕಟ್ಟೆಗೆ ಬನ್ನಿ.

ಟೈಲ್ಸಿಗೆ ಐಎಸ್ಓ 10545ರ 14ನೇ ಭಾಗ ಅಂತ ಒಂದು ಅಂತಾರಾಷ್ಟ್ರೀಯ ಪರೀಕ್ಷೆ ಇದೆ. ಅದು ನನಗೆ ಇಷ್ಟ, ಯಾಕೆಂದರೆ ಅದು "ಕಲೆ ಬಿತ್ತಾ" ಅಂತ ಕೇಳುವುದಿಲ್ಲ, "ಯಾವುದರಿಂದ ಹೋಯಿತು" ಅಂತ ಕೇಳುತ್ತದೆ. ಕಲೆಯಲ್ಲೂ ಮೂರು ಜಾತಿ. ತೆಳು ಎಣ್ಣೆಯಲ್ಲಿ ಕಲಸಿದ ಹಸಿರು ಅಥವಾ ಕೆಂಪು ಪುಡಿ, ಅದು ತೂತಿನಲ್ಲಿ ಕೂತು ಗುರುತು ಬಿಡುತ್ತದೆ. ಆಲ್ಕೋಹಾಲಿನಲ್ಲಿ ಕರಗಿಸಿದ ಅಯೋಡಿನ್, ಅದು ರಾಸಾಯನಿಕವಾಗಿ ಕೆಲಸ ಮಾಡುತ್ತದೆ. ಆಲಿವ್ ಎಣ್ಣೆ, ಅದು ಪದರ ಕಟ್ಟುತ್ತದೆ. ಮೂರನ್ನೂ 24 ಗಂಟೆ ಬಿಡುತ್ತಾರೆ.

ಆಮೇಲೆ ತೊಳೆಯುವುದು. ಮೊದಲು 55 ಡಿಗ್ರಿಯ ಬಿಸಿನೀರು, 5 ನಿಮಿಷ. ಹೋದರೆ 5ನೇ ದರ್ಜೆ, ಅದೇ ಅತಿ ಒಳ್ಳೆಯದು. ಹೋಗದಿದ್ದರೆ ಸೌಮ್ಯ ಕ್ಲೀನರ್, ಕೈಯಲ್ಲಿ ಉಜ್ಜುವುದು: 4. ಆಮೇಲೆ ಕಟು ಕ್ಲೀನರ್ ಹಾಕಿ ತಿರುಗುವ ಬ್ರಶ್: 3. ಕೊನೆಗೆ ಆಮ್ಲ, ಕ್ಷಾರ, ಅಸಿಟೋನ್ ಇಂಥದ್ದರಲ್ಲಿ ಮುಳುಗಿಸಿಡುವುದು: 2. ಅದಕ್ಕೂ ಜಗ್ಗದಿದ್ದರೆ 1. ನೋಡುವುದು ಬರಿಗಣ್ಣಿನಲ್ಲಿ, 25ರಿಂದ 30 ಸೆಂಟಿಮೀಟರ್ ದೂರದಿಂದ. ಭೂತಗನ್ನಡಿ ಏನೂ ಬೇಡ.

ನಿಂಬೆಹುಳಿ:
24 ಗಂಟೆ ಯಾರು ಕಲೆ ಬಿಡ್ತಾರೆ ಮಾರಾಯ್ರೇ? ಬಿದ್ದ ತಕ್ಷಣ ಒರೆಸ್ತೀವಿ ಅಲ್ವಾ? ಇದೆಲ್ಲ ಲ್ಯಾಬಿನವರ ಹೊಟ್ಟೆಪಾಡು.

ಟೈಲ್_ಮೇಸ್ತ್ರಿ:
ಮಿಕ್ಸಿ ಕೆಳಗೆ ಸೋರಿ ನಿಂತ ಎಣ್ಣೆಯನ್ನು ಯಾವಾಗ ಒರೆಸಿದಿರಿ? ಮಿಕ್ಸಿ ಎತ್ತಿದಾಗ. ಅದನ್ನು ಎಷ್ಟು ದಿನಕ್ಕೊಮ್ಮೆ ಎತ್ತುತ್ತೀರಿ ಅಂತ ನಾನು ಕೇಳಲ್ಲ.

ನಿಂಬೆಹುಳಿ:
ಆಯ್ತು, ಗೆದ್ರಿ.

ಗಾಜಿನಬಟ್ಟಲು:
ಪೀಠೋಪಕರಣದ ಪರೀಕ್ಷೆಯಲ್ಲಿ (ಯುರೋಪಿನ ಇಎನ್ 12720) ಹೊತ್ತನ್ನೂ ಬದಲಾಯಿಸುತ್ತಾರೆ, ಒಂದೇ ದ್ರವ ಕೆಲವು ನಿಮಿಷವೂ ಇರಬಹುದು, ರಾತ್ರಿಯಿಡೀ ಇರಬಹುದು. ದುಂಡಗೆ ಕತ್ತರಿಸಿದ ದಪ್ಪ ಫಿಲ್ಟರ್ ಕಾಗದವನ್ನು ದ್ರವದಲ್ಲಿ ಅದ್ದಿ ಮರದ ಮೇಲೆ ಇಡುವುದು, ಆರದಂತೆ ಮೇಲೆ ಗಾಜಿನ ಬಟ್ಟಲು ಬೋರಲು ಹಾಕುವುದು. ನನ್ನ ಹೆಸರು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಮನೆಯಲ್ಲಿ ಇದನ್ನೇ ಮಾಡಬಹುದು. ಹತ್ತಿ ಉಂಡೆ ಅದ್ದಿ ಇಡಿ, ಮೇಲೆ ಸಣ್ಣ ಬಟ್ಟಲು ಕವುಚಿ ಹಾಕಿ. ಒಂದು ಸಾಲು 10 ನಿಮಿಷ, ಒಂದು ಸಾಲು ಒಂದು ಗಂಟೆ, ಒಂದು ಸಾಲು ರಾತ್ರಿಯಿಡೀ. ಮುಖ್ಯವಾಗಿ ಏನೂ ಹಾಕದ ಒಂದು ಜಾಗ ಬಿಡಿ, ಅದನ್ನೂ ಅಷ್ಟೇ ಉಜ್ಜಿ ತೊಳೆಯಿರಿ. ಇಲ್ಲದಿದ್ದರೆ ಕೊನೆಗೆ ಕಾಣುವ ಗುರುತು ಕಲೆಯದ್ದೋ, ನೀವು ಉಜ್ಜಿದ್ದರದ್ದೋ ಗೊತ್ತಾಗುವುದಿಲ್ಲ.

ಬಣ್ಣದಬುಡ್ಡಿ:
ಈ ಕೊನೆಯ ಮಾತಿಗೆ ನನ್ನ ಗೋಡೆಯೇ ಸಾಕ್ಷಿ. ಮಂದ ಬಣ್ಣದ ಗೋಡೆ ಮೇಲೆ ಪೆನ್ಸಿಲ್ ಗೀಚು. ಆ ಬಿಳಿ ಮೆಲಮೈನ್ ಸ್ಪಂಜಿನಲ್ಲಿ ಉಜ್ಜಿದೆ. ಗೀಚು ಹೋಯಿತು, ಖುಷಿಯಾಯಿತು. ಸಂಜೆ ದೀಪ ಹಾಕಿದರೆ ಅಂಗೈ ಅಗಲ ಮಿಣಮಿಣ ಹೊಳೆಯುತ್ತಿದೆ! ಆ ಸ್ಪಂಜು ಅಂದರೆ ಬಲು ನಯವಾದ ಉಪ್ಪುಕಾಗದ ಅಷ್ಟೇ. ಮಂದ ಬಣ್ಣವನ್ನು ತಿಕ್ಕಿ ಪಾಲಿಶ್ ಮಾಡಿಬಿಟ್ಟಿತ್ತು. ಈಗ ಗೀಚು ಇದ್ದ ಜಾಗ ಗೀಚಿಗಿಂತ ಎದ್ದು ಕಾಣುತ್ತದೆ.

"ತೊಳೆಯಬಹುದು" ಅಂತ ಡಬ್ಬಿ ಮೇಲೆ ಬರೆದಿದ್ದರೆ ನಂಬಬೇಡಿ, ದರ್ಜೆ ಕೇಳಿ. ಒದ್ದೆ ಉಜ್ಜುವ ಪರೀಕ್ಷೆಯಲ್ಲಿ 200 ಸಲ ಉಜ್ಜಿದ ಮೇಲೆ 5 ಮೈಕ್ರಾನಿಗಿಂತ ಕಡಿಮೆ ಸವೆದರೆ ಮಾತ್ರ 1ನೇ ದರ್ಜೆ. ಇಲ್ಲಿ 1 ಒಳ್ಳೆಯದು, ಟೈಲ್ಸಿನಲ್ಲಿ 5 ಒಳ್ಳೆಯದು. ಯಾರಿಟ್ಟರೋ ಈ ಲೆಕ್ಕ.

ಕಲೆಗಾರ:
ಹೆಸರು ನೋಡಿ ಯಾರೂ ಬೈಯಬೇಡಿ, ನಾನು ಚಿತ್ರ ಬರೆಯುವವನು. ಆದರೆ ಮನೆಯವರ ಲೆಕ್ಕದಲ್ಲಿ ಎರಡೂ ಅರ್ಥಕ್ಕೂ ನಾನೇ ಕಲೆಗಾರ.

ಮೂಲೆಮನೆ:
ಕಲೆ ಉಳಿಯಬೇಕು ಅಂತ ನೀವು, ಹೋಗಬೇಕು ಅಂತ ಅವರು. ಸಂಸಾರ ಹೇಗೆ ನಡೀತಿದೆ ಗುರುಗಳೇ?

ಹೊಸಕಟ್ಟೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಶುರು ಮಾಡಿದೆ. ನಾಲ್ಕೂ ತುಂಡಿನ ಮೇಲೆ ಕಾಫಿ ಡಿಕಾಕ್ಷನ್, ಅಡುಗೆ ಎಣ್ಣೆ, ಎಣ್ಣೆಯಲ್ಲಿ ಕಲಸಿದ ಅರಿಶಿನ, ನಿಂಬೆರಸ, ನೀಲಿ ಇಂಕು. ಮನೆಯ ಎಲ್ಲ ಬಟ್ಟಲೂ ಬೋರಲು. ಬೆಳಿಗ್ಗೆ ಕಾಫಿಗೆ ಬಟ್ಟಲಿರಲಿಲ್ಲ, ಅದಕ್ಕೆ ಬೈಸಿಕೊಂಡೆ.

ಈಗ ಎರಡು ಗಾಬರಿ. ಒಂದು, ಲ್ಯಾಮಿನೇಟ್ ಮೇಲಿನ ಅರಿಶಿನಕ್ಕೆ ಸೋಪು ಹಾಕಿದ ತಕ್ಷಣ ಕೆಂಪಗಾಯಿತು! ಎರಡು, ಮಾರ್ಬಲ್ ಮೇಲಿನ ನಿಂಬೆರಸದ ಕಲೆ ಏನು ಮಾಡಿದರೂ ಹೋಗುತ್ತಿಲ್ಲ. ಬಣ್ಣ ಏನಿಲ್ಲ, ಕಾಸಿನಗಲ ಮಂಕಾಗಿದೆ. ಬೆರಳಾಡಿಸಿದರೆ ಅಲ್ಲಿ ಮಾತ್ರ ಸ್ವಲ್ಪ ತರಿತರಿ.

ಟೈಲ್_ಮೇಸ್ತ್ರಿ:
ಅದು ಕಲೆಯೇ ಅಲ್ಲ ಸಾರ್. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಬಿದ್ದರೆ ಕಲ್ಲೇ ಕರಗುತ್ತದೆ. ಅಲ್ಲಿದ್ದ ಪಾಲಿಶ್ ಹೋಗಿದೆ, ತೊಳೆದರೆ ಬರುವುದು ಹೇಗೆ? ಮತ್ತೆ ಪಾಲಿಶ್ ಹೊಡೆಸಬೇಕು ಅಷ್ಟೇ. ಸೀಲರ್ ಹಾಕಿದರೂ ಇದು ನಿಲ್ಲುವುದಿಲ್ಲ. ಸೀಲರ್ ಒಳಗೆ ಇಳಿಯುವುದನ್ನು ನಿಧಾನ ಮಾಡುತ್ತದೆ, ಮೇಲಿನ ಕಲ್ಲು ಕರಗುವುದನ್ನು ತಡೆಯುವುದಿಲ್ಲ.

ಬಟ್ಟೆಲ್ಯಾಬ್:
ಅರಿಶಿನಕ್ಕೆ ಹೆದರಬೇಡಿ. ಅದರ ಬಣ್ಣ ಕರ್ಕ್ಯುಮಿನ್. ಕ್ಷಾರ ತಗುಲಿದರೆ ಕೆಂಪು, ಹುಳಿ ತಗುಲಿದರೆ ಮತ್ತೆ ಹಳದಿ. ಚೆನ್ನಾಗಿ ನೀರು ಹಾಕಿ ತೊಳೆದು ಬಿಸಿಲಿಗಿಡಿ. ಕರ್ಕ್ಯುಮಿನ್ ಬೆಳಕಿಗೆ ತಡೆಯುವುದಿಲ್ಲ.

ನಿಂಬೆಹುಳಿ:
ಅಷ್ಟೆಲ್ಲ ಯಾಕೆ? ಬ್ಲೀಚಿಗೆ ಸ್ವಲ್ಪ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಿ ಉಜ್ಜಿ. ಎಂಥ ಕಲೆ ಆದರೂ ಎದ್ದು ಬರುತ್ತೆ.

ಗಾಜಿನಬಟ್ಟಲು:
ದಯವಿಟ್ಟು ಯಾರೂ ಮಾಡಬೇಡಿ! ಬ್ಲೀಚಿಗೆ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಅದು ಶ್ವಾಸಕೋಶಕ್ಕೆ ವಿಷ. ನಿಂಬೆಹುಳಿಯವರೇ, ಆ ಪೋಸ್ಟ್ ತೆಗೆಯಿರಿ.

ನಿಂಬೆಹುಳಿ:
ಗೊತ್ತಿರಲಿಲ್ಲ, ತಪ್ಪಾಯ್ತು. ತೆಗೆಯಲ್ಲ, ನಿಮ್ಮ ಉತ್ತರದ ಜೊತೆ ಇರಲಿ. ನನ್ನ ಹಾಗೆ ಇನ್ನೊಬ್ಬರೂ ಇರ್ತಾರೆ.

ಕಲೆಗಾರ:
ಆಸಿಡ್ ಇಲ್ಲದ ಒಂದು ಉಪಾಯ ಹೇಳುತ್ತೇನೆ. ಗಾಯಕ್ಕೆ ಹಚ್ಚುವ ಅಯೋಡಿನ್ ಬಾಟಲಿ ಬಿಳಿ ಬೇಸಿನ್ ಮೇಲೆ ಉರುಳಿ ಕಂದು ಹೊಳೆ ಹರಿಯಿತು. ಒಂದು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಲ್ಲಿ ಕಲಸಿ ಸವರಿದೆ. ಕಣ್ಣೆದುರಿಗೇ ಬಣ್ಣ ಮಾಯ. ಎರಡು ಸಲ ಬೇಕಂತಲೇ ಮತ್ತೆ ಅಯೋಡಿನ್ ಚೆಲ್ಲಿ ಮಾಡಿ ನೋಡಿದೆ.

ಬಟ್ಟೆಲ್ಯಾಬ್:
ಅದು ತೊಳೆದು ಹೋದದ್ದಲ್ಲ, ಬಣ್ಣವಿಲ್ಲದ ಅಯೊಡೈಡ್ ಆಗಿದ್ದು. ಸರಿಯಾದ ದಾರಿಯೇ. ಮಾರ್ಬಲ್ ಮೇಲೆ ಮಾತ್ರ ಮಾಡಬೇಡಿ, ವಿಟಮಿನ್ ಸಿ ಕೂಡ ಹುಳಿಯೇ.

ಕ್ವಾರ್ಟ್ಜ್_ಭಕ್ತ:
ಇಷ್ಟೆಲ್ಲ ರಗಳೆ ಯಾಕೆ, ಕ್ವಾರ್ಟ್ಜ್ ಹಾಕಿಸಿ. ಪೂರ್ತಿ ಕಲ್ಲು, ಕಲೆ ಅನ್ನೋ ಪ್ರಶ್ನೆಯೇ ಇಲ್ಲ.

ಟೈಲ್_ಮೇಸ್ತ್ರಿ:
ಪೂರ್ತಿ ಕಲ್ಲಲ್ಲ ಅಣ್ಣಾ. ತೂಕದಲ್ಲಿ ಹತ್ತಿರತ್ತಿರ 90 ಭಾಗ ಕಲ್ಲಿನ ಪುಡಿ, ಉಳಿದದ್ದು ಅಂಟಿಸುವ ರೆಸಿನ್. ತೂತು ಕಡಿಮೆ, ಅದಕ್ಕೇ ಕಲೆ ಒಳಗೆ ಇಳಿಯುವುದೂ ಕಡಿಮೆ, ಅದು ನಿಜ. ಆದರೆ ಆ ರೆಸಿನ್ ಒಂಥರಾ ಪ್ಲಾಸ್ಟಿಕ್. ಒಲೆಯಿಂದ ಇಳಿಸಿದ ಪಾತ್ರೆ ನೇರ ಇಟ್ಟರೆ ಹಳದಿಯಾಗಬಹುದು. ಆಮೇಲೆ ಯಾವ ಸ್ಪಂಜೂ ಕೆಲಸಕ್ಕೆ ಬರಲ್ಲ.

ಪಾಲಿಶ್ ಪೋರ್ಸಲೀನಿಗೂ ಒಂದು ಮಾತು ಸೇರಿಸುತ್ತೇನೆ. ಸುಟ್ಟ ಟೈಲಿನ ಒಳಗೆ ಮುಚ್ಚಿಕೊಂಡ ಸಣ್ಣ ಗುಳ್ಳೆಗಳಿರುತ್ತವೆ. ಪಾಲಿಶ್ ಹೊಡೆದಾಗ ಅವುಗಳ ಮುಚ್ಚಳ ಹಾರಿಹೋಗುತ್ತದೆ. ಹೊಳೆಯುವುದರಿಂದ ಜಾಸ್ತಿ ಶುಚಿ ಅಂದುಕೊಳ್ಳುತ್ತೇವೆ, ಆದರೆ ಪಾಲಿಶ್ ಮಾಡದ ಟೈಲಿಗಿಂತ ಅದೇ ಬೇಗ ಕೊಳೆ ಹಿಡಿಯಬಹುದು. ಒಂದು ಮೂಲೆಯಲ್ಲಿ ಇಂಕು ಹಚ್ಚಿ ಒರೆಸಿದರೆ ಗೊತ್ತಾಗಿಬಿಡುತ್ತದೆ.

ಹೊಸಕಟ್ಟೆ:
ಓ, ಅದಾ! ನನ್ನ ಎರಡನೇ ತುಂಡಿನಲ್ಲಿ ಹಾಗೇ ಆಗಿದೆ. ಒರೆಸಿದ ಮೇಲೆ ಶುಚಿಯಾಗಿದೆ ಅಂದುಕೊಂಡೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಸೂಜಿಮೊನೆಯಷ್ಟು ಸಣ್ಣ ನೀಲಿ ಚುಕ್ಕಿಗಳು, ಹತ್ತು ಹದಿನೈದು.

ಟೈಲ್_ಮೇಸ್ತ್ರಿ:
ಓರೆ ಬೆಳಕು, ಶಭಾಷ್. ಆದರೆ ಕಟ್ಟೆ ಮೇಲೆ ದಿನಾ ಟಾರ್ಚ್ ಹಿಡಿದು ಬದುಕುತ್ತೀರಾ ಅಂತಲೂ ಕೇಳಿಕೊಳ್ಳಿ.

ಮ್ಯಾಟಿನಮ್ಮ:
ಕಟ್ಟೆ ಬಿಟ್ಟು ನೆಲಕ್ಕೆ ಬರ್ತೀನಿ, ಕ್ಷಮಿಸಿ. ನಮ್ಮ ವಿನೈಲ್ ನೆಲದ ಮೇಲೆ ಬಾಗಿಲ ಹತ್ತಿರ ಕಾಲೊರೆಸುವ ಮ್ಯಾಟ್ ಇತ್ತು. ಏನೂ ಚೆಲ್ಲಿಲ್ಲ, ಒಂದು ಹನಿ ಕೂಡ ಬಿದ್ದಿಲ್ಲ. ಆರು ತಿಂಗಳ ಮೇಲೆ ಎತ್ತಿದರೆ ಮ್ಯಾಟಿನ ಆಕಾರಕ್ಕೇ ಹಳದಿ. ಇದು ಎಲ್ಲಿಂದ ಬಂತು?

ಗಾಜಿನಬಟ್ಟಲು:
ಮ್ಯಾಟಿನ ಅಡಿ ರಬ್ಬರಾ? ಹಾಗಿದ್ದರೆ ಅದೇ ಕಳ್ಳ. ರಬ್ಬರ್ ಬೇಗ ಹಾಳಾಗದಿರಲಿ ಅಂತ ಬೆರೆಸುವ ಪದಾರ್ಥ ನಿಧಾನಕ್ಕೆ ವಿನೈಲ್ ಒಳಗೆ ಇಳಿಯುತ್ತದೆ. ಕಲೆ ಮೇಲಿಲ್ಲ ಅಕ್ಕಾ, ಒಳಗಿದೆ. ಅದಕ್ಕೇ ಉಜ್ಜಿದರೂ ಹೋಗುವುದಿಲ್ಲ. ರಬ್ಬರ್ ಅಡಿ ಇಲ್ಲದ ಮ್ಯಾಟ್ ಹಾಕಿ.

ಮ್ಯಾಟಿನಮ್ಮ:
ರಬ್ಬರೇ. ಈಗ ಆ ಹಳದಿ ಮೇಲೆ ಅದೇ ಮ್ಯಾಟ್ ಮುಚ್ಚಿಟ್ಟಿದ್ದೀನಿ, ಬೇರೆ ದಾರಿ ಇಲ್ಲ.

ಸುಮ್ನೆ_ಓದುವವ:
ಬಟ್ಟೆಲ್ಯಾಬ್ ಸಾರ್, ಎಣ್ಣೆಯನ್ನೂ ಓಡಿಸುವ ಸ್ಪ್ರೇ ಇದೆಯಲ್ಲ, ಅದನ್ನು ಸೋಫಾಕ್ಕೆ ಹೊಡೆದರೆ ಮುಗೀತಲ್ಲ?

ಬಟ್ಟೆಲ್ಯಾಬ್:
ಇದೆ. ಎಣ್ಣೆ ಓಡಿಸುವುದು ಫ್ಲೋರಿನ್ ಇರುವ ರಾಸಾಯನಿಕಗಳ ಕೈಚಳಕ. ಅದು ಗೊತ್ತಾಗಿದ್ದೂ ಆಕಸ್ಮಿಕವಾಗಿ. 1953ರಲ್ಲಿ ಅಮೆರಿಕದ 3ಎಂ ಕಂಪನಿಯ ಲ್ಯಾಬಿನಲ್ಲಿ ಇಂಥ ಒಂದು ದ್ರವ ಸಹಾಯಕರೊಬ್ಬರ ಬೂಟಿನ ಮೇಲೆ ಬಿತ್ತು. ಏನು ಹಾಕಿದರೂ ಹೋಗಲಿಲ್ಲ. ದಿನ ಕಳೆದಂತೆ ಬೂಟೆಲ್ಲ ಕೊಳೆಯಾದರೂ ಆ ಚುಕ್ಕೆ ಮಾತ್ರ ಶುಚಿಯಾಗಿ ಉಳಿಯಿತು. ಪ್ಯಾಟ್ಸಿ ಶರ್ಮನ್, ಸ್ಯಾಮ್ ಸ್ಮಿತ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಅದರ ಬೆನ್ನು ಹತ್ತಿದರು. ಅದೇ 1956ರಲ್ಲಿ ಸ್ಕಾಚ್‌ಗಾರ್ಡ್ ಆಗಿ ಮಾರುಕಟ್ಟೆಗೆ ಬಂತು.

ಆದರೆ ಇದರಲ್ಲೂ ಒಂದು ತಿರುವಿದೆ. ಓಡಿಸುವುದೇ ಬೇರೆ, ಬಿಟ್ಟುಕೊಡುವುದೇ ಬೇರೆ. ಭಾರ ಬಿದ್ದು ಎಣ್ಣೆ ಒಮ್ಮೆ ನೂಲಿನೊಳಗೆ ಸೇರಿದರೆ, ಆ ಲೇಪ ತೊಳೆಯುವ ನೀರನ್ನೂ ಹತ್ತಿರ ಬಿಡುವುದಿಲ್ಲ. ಕಲೆ ಒಳಗೆ ಆರಾಮಾಗಿ ಕೂತಿರುತ್ತದೆ. ಅದಕ್ಕೇ ಎಎಟಿಸಿಸಿ 130ರಲ್ಲಿ ಜೋಳದೆಣ್ಣೆ ಹಾಕಿ, ಮೇಲೆ 2.27 ಕಿಲೋ ತೂಕ 60 ಸೆಕೆಂಡ್ ಹೇರಿ, ಬೇಕೆಂದೇ ಒಳಗೆ ನುಗ್ಗಿಸಿ, ಆಮೇಲೆ ಒಗೆದು ನೋಡುತ್ತೇವೆ. ಸೋಫಾ ಮೇಲೆ ಜನ ಕೂರುತ್ತಾರೆ, ಹನಿ ಮಾತ್ರ ಬೀಳುವುದಲ್ಲ.

ಬಣ್ಣದಬುಡ್ಡಿ:
ಆ ಫ್ಲೋರಿನ್ ಸಾಮಾನು ಮಣ್ಣಲ್ಲೂ ನೀರಲ್ಲೂ ಕೊಳೆಯದೆ ಉಳಿಯುತ್ತದೆ ಅನ್ನೋದನ್ನು ಮಾತ್ರ ಹೇಳಲಿಲ್ಲ ನೀವು. ಬೂಟಿನ ಕಥೆ ಎಲ್ಲರೂ ಹೇಳ್ತಾರೆ.

ಬಟ್ಟೆಲ್ಯಾಬ್:
ಹೇಳುವವನಿದ್ದೆ, ಊಟಕ್ಕೆ ಕರೆದರು. 3ಎಂ 2000ದಲ್ಲೇ ಪಿಎಫ್‌ಓಎಸ್ ಎಂಬ ಅಂಥದ್ದೊಂದು ಫ್ಲೋರಿನ್ ರಾಸಾಯನಿಕ ನಿಲ್ಲಿಸುತ್ತೇವೆ ಅಂತ ಪ್ರಕಟಿಸಿತು. 2009ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಅಂದರೆ ಕೊಳೆಯದೆ ಉಳಿಯುವ ವಿಷಗಳಿಗೆ ದೇಶಗಳು ಸೇರಿ ಕಡಿವಾಣ ಹಾಕುವ ಪಟ್ಟಿಗೆ, ಸೇರಿತು. ಈಗ ಫ್ಲೋರಿನ್ ಇಲ್ಲದ ಲೇಪಗಳು ಬಂದಿವೆ. ನೀರಿಗೆ ಚೆನ್ನಾಗಿವೆ. ಎಣ್ಣೆ ಹನಿ ಇಟ್ಟರೆ ಮೊದಲ ದ್ರವಕ್ಕೇ ಸೋಲುತ್ತವೆ, ನಾನು ನೋಡಿದವೆಲ್ಲ ಹಾಗೇ.

ಬಣ್ಣದಬುಡ್ಡಿ:
ಸೋಲಲಿ ಬಿಡಿ. ಸೋಫಾಕ್ಕೆ ಕವರ್ ಹೊಲಿಸಿ, ಒಗೆದು ಹಾಕಿ. ಕುಡಿಯುವ ನೀರಿಗಿಂತ ಸೋಫಾ ದೊಡ್ಡದಾ?

ಬಟ್ಟೆಲ್ಯಾಬ್:
ಇದರಲ್ಲಿ ನಾನು ನಿಮ್ಮ ಕಡೆಯೇ. ನಮ್ಮ ಮನೆ ಸೋಫಾಕ್ಕೂ ಕವರೇ ಇರೋದು.

ಹೊಸಕಟ್ಟೆ:
ಮೂರು ದಿನದ ಫಲಿತಾಂಶ. ಮೇಸ್ತ್ರಿಗಳ ಲೆಕ್ಕದಲ್ಲೇ ಮೊದಲು ಬಿಸಿನೀರು, ಆಮೇಲೆ ಪಾತ್ರೆ ಸೋಪು, ಆಮೇಲೆ ಅಡುಗೆ ಸೋಡಾ.

1, ಕ್ವಾರ್ಟ್ಜ್: ಕಾಫಿ, ಎಣ್ಣೆ, ನಿಂಬೆ ಬಿಸಿನೀರಿಗೇ ಹೋದವು. ಇಂಕು ಸೋಪಿಗೆ ಹೋಯಿತು. ಅರಿಶಿನ ತೆಳುವಾಗಿ ಉಳಿಯಿತು, ಒಂದು ದಿನ ಬಿಸಿಲಿಗಿಟ್ಟೆ, ಈಗ ಹುಡುಕಿದರೂ ಸಿಗಲ್ಲ. 2, ಟೈಲ್: ಇಂಕಿನ ಚುಕ್ಕಿ ಬಿಟ್ಟರೆ ಎಲ್ಲ ಶುಚಿ. 3, ಲ್ಯಾಮಿನೇಟ್: ರಾತ್ರಿಯಿಡೀ ಬಿಟ್ಟ ಕಾಫಿಯ ಉಂಗುರ ಸೋಪಿಗೆ ಹೋಯಿತು, ಅರಿಶಿನಕ್ಕೆ ಎರಡು ದಿನ ಬಿಸಿಲು ಬೇಕಾಯಿತು. ಸೋಡಾ ಹಾಕಿ ಉಜ್ಜಿದ ಜಾಗದ ಹೊಳಪು ಸ್ವಲ್ಪ ಇಳಿದಿದೆ. ಏನೂ ಹಾಕದ ಜಾಗದಲ್ಲೂ ಇಳಿದಿದೆ, ಅಂದರೆ ತಪ್ಪು ನನ್ನ ಕೈಯದ್ದು. 4, ಮಾರ್ಬಲ್: ಕೇಳಬೇಡಿ. ಎಣ್ಣೆ ಇಟ್ಟ ಕಡೆ ಒದ್ದೆಯಾದಂತೆ ಕಪ್ಪು, ಅರಿಶಿನ, ಕಾಫಿ ಎರಡೂ ಅಲ್ಲೇ ವಾಸ.

ಕ್ವಾರ್ಟ್ಜ್ ಅಂತ ತೀರ್ಮಾನ ಮಾಡಿದ್ದೇವೆ, ಬಿಸಿ ಪಾತ್ರೆಗೆ ಮಣೆ ಇಡುವ ಷರತ್ತಿನ ಮೇಲೆ.

ಆದರೆ ಎಲ್ಲಕ್ಕಿಂತ ಗಟ್ಟಿ ಕಲೆ ಯಾವುದು ಗೊತ್ತಾ? ನಾನೇ ಬರೆದ ನಂಬರ್! ನಾಲ್ಕರಲ್ಲೂ ಬಿಸಿನೀರಿಗೆ ಹೋಗಲಿಲ್ಲ, ಸೋಪಿಗೂ ಇಲ್ಲ, ಸೋಡಾಕ್ಕೂ ಇಲ್ಲ.

ಮೂಲೆಮನೆ:
😂😂 ಪರೀಕ್ಷೆ ಬರೆದವರಿಗಿಂತ ರಿಜಿಸ್ಟರ್ ನಂಬರ್ ಗಟ್ಟಿ.

ಗಾಜಿನಬಟ್ಟಲು:
ಮಾರ್ಕರ್ ಬಣ್ಣ ನೀರಿಗೆ ಕರಗುವುದಿಲ್ಲ, ಆಲ್ಕೋಹಾಲಿಗೆ ಕರಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಜರ್ ಹಾಕಿ ಒರೆಸಿ.

ಹೊಸಕಟ್ಟೆ:
1, 2, 3 ಮಾಯ. ಮಾರ್ಬಲ್ ಮೇಲಿನ 4 ಹಿಗ್ಗಿ ನೀಲಿ ಮೋಡವಾಗಿದೆ.

ಟೈಲ್_ಮೇಸ್ತ್ರಿ:
ಒಳಗೆ ಇಳಿದಿದ್ದನ್ನು ಒರೆಸಿದರೆ ಹರಡುತ್ತದೆ, ಹೊರಗೆ ಹೀರಿಸಬೇಕು. ಬಿಳಿ ಜೇಡಿಮಣ್ಣಿನ ಪುಡಿಗೆ ಅಸಿಟೋನ್ ಹಾಕಿ ಗಟ್ಟಿ ಹಿಟ್ಟಿನ ಹಾಗೆ ಕಲಸಿ. ಕಿಟಕಿ ತೆಗೆದಿರಲಿ, ಹತ್ತಿರ ಒಲೆ ಬೇಡ. ಅರ್ಧ ಬೆರಳು ದಪ್ಪ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. ಒಂದು ದಿನ ಬಿಟ್ಟು ಹಾಳೆ ತೆಗೆಯಿರಿ, ತಾನಾಗಿ ಒಣಗಲಿ. ಒಣಗುವಾಗಲೇ ಬಣ್ಣವನ್ನು ಮೇಲಕ್ಕೆ ಎಳೆದುಕೊಳ್ಳುವುದು. ಅವಸರ ಮಾಡಿ ಕೆರೆಯಬೇಡಿ.

ನಿಂಬೆಹುಳಿ:
ಬೇಡದ ತುಂಡಿಗೆ ಇಷ್ಟೊಂದು ಆರೈಕೆ ಯಾಕೆ ಸಾರ್? ಕ್ವಾರ್ಟ್ಜ್ ಅಂತ ಆಯ್ತಲ್ಲ?

ಹೊಸಕಟ್ಟೆ:
ಈಗ ಅದು ಹಟದ ವಿಷಯ.

ಹೊಸಕಟ್ಟೆ:
ಎರಡು ದಿನ ಆಯಿತು. ಪುಡಿ ಒಣಗಿ ಬಿರುಕು ಬಿಟ್ಟು ತಾನೇ ಎದ್ದು ಬಂತು, ಅಡಿಭಾಗ ತಿಳಿ ನೀಲಿ. ಕಲ್ಲಿನ ಮೇಲೆ 4 ಇಲ್ಲ. ಆದರೆ ಮೆತ್ತಿದಷ್ಟು ಜಾಗದ ಹಳೇ ಕೊಳೆಯನ್ನೂ ಅದು ಎಳೆದುಕೊಂಡಿದೆ. ಈಗ ಮಾಸಲು ಮಾರ್ಬಲ್ ನಡುವೆ ಅಚ್ಚ ಬಿಳಿಯ ಒಂದು ಚೌಕ.

ಕಲೆಗಾರ:
ಆ ತುಂಡು ಬಿಸಾಡಬೇಡಿ, ನನಗೆ ಕೊಡಿ.